ಈ ಗೊಂಬೆ ಆನ್ ಆಗೋದು ಹೆಂಗ? ಎರಡೂವರೆ ವರ್ಷದ ಮಗು ಜೊತೆ ಒಂದು ಮ್ಯೂಸಿಯಂ ಸುತ್ತಾಟ

ಈ ವಾರದ ಸಂಚಿಕೆ ತೊಗಲುಗೊಂಬೆ ಬಗ್ಗೆ. ಗೊಂಬೆಯಾಟ ಅಂದ ಕೂಡಲೇ "ಅದು ಮಕ್ಕಳದ್ದಲ್ವಾ" ಅಂತ ಸ್ಕಿಪ್ ಮಾಡಬೇಡ್ರಿ. ಇದರಲ್ಲಿ ಬೆಳಕಿನ ವಿಜ್ಞಾನ ಇದೆ, ಒಂದು ಅಲೆಮಾರಿ ಸಮುದಾಯದ ಬದುಕಿದೆ, ನಾನು ಬಿ.ಕಾಂ. ಓದಿದವನಾದ್ದರಿಂದ ಸ್ವಲ್ಪ ಲೆಕ್ಕಾಚಾರಾನೂ ಇದೆ. ಮನೆಯಲ್ಲಿ ಸಣ್ಣ ಮಗು ಇದ್ರೆ ಕೊನೆಯಲ್ಲಿ ಒಂದು ಆಟ ಹೇಳಿಕೊಡ್ತೀನಿ. ಅದಕ್ಕೆ ಬೇಕಾಗಿರೋದು ಒಂದು ಬಿಳಿ ಬೆಡ್‌ಶೀಟು ಮತ್ತು ನಿಮ್ಮ ಮೊಬೈಲ್ ಟಾರ್ಚು ಮಾತ್ರ.

ದೇವದುರ್ಗದಿಂದ ರಾಮನಗರಕ್ಕೆ

ಹೋದವರು ನಾಲ್ಕು ಜನ: ನಾನು, ಅವ್ವ, ಅಕ್ಕ ಮತ್ತು ಅಕ್ಕನ ಮಗಳು. ಮಗಳಿಗೆ ಎರಡೂವರೆ ವರ್ಷ. ಇಲ್ಲಿ ಅವಳನ್ನ ಚಿನ್ನಿ ಅಂತ ಕರೀತೀನಿ. ದೇವದುರ್ಗಕ್ಕೆ ರೈಲಿಲ್ಲ. ಬಸ್ಸಿನಲ್ಲಿ ರಾಯಚೂರು, ಅಲ್ಲಿಂದ ರಾತ್ರಿ ರೈಲಿಗೆ ಬೆಂಗಳೂರು, ಮತ್ತೆ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದ್ರೆ ರಾಮನಗರದ ಹತ್ತಿರ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಐಎಎಸ್ ಅಧಿಕಾರಿಯಾಗಿದ್ದವರು, ಊರೂರು ತಿರುಗಿ ಹಾಡು, ಕಥೆ, ವಸ್ತುಗಳನ್ನ ಕೂಡಿಹಾಕಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರುವಾಯಿತು, 1994ರಲ್ಲಿ ಜಾನಪದ ಲೋಕದ ಬಾಗಿಲು ತೆರೆಯಿತು. ಇದು ಬರೀ ಗೊಂಬೆಗಳ ಮ್ಯೂಸಿಯಂ ಅಲ್ಲ. ಬೀಸುವ ಕಲ್ಲು, ನೇಗಿಲು, ವಾದ್ಯ, ಮುಖವಾಡ ಎಲ್ಲಾ ಇವೆ. ಗೊಂಬೆಗಳಿರೋದು ಲೋಕಮಹಲ್ ಅನ್ನೋ ಕಟ್ಟಡದಲ್ಲಿ.

ಒಳಗೆ ಹೋಗೋ ಮುಂಚೆ ಒಂದು ವಿಷಯ ಗೊತ್ತಿದ್ರೆ ಒಳ್ಳೇದು. ಕರ್ನಾಟಕದಲ್ಲಿ ಗೊಂಬೆಯಾಟ ಅಂದ್ರೆ ಒಂದೇ ಥರದ್ದಲ್ಲ. ಸೂತ್ರದ ಗೊಂಬೆ ಕಟ್ಟಿಗೆಯದ್ದು. ಉಡುಪು, ಒಡವೆ ತೊಡಿಸಿ ಮೇಲಿಂದ ದಾರದಲ್ಲಿ ಆಡಿಸ್ತಾರೆ. ಕರಾವಳಿಯಲ್ಲಿ ಇದೇ ಗೊಂಬೆ ಯಕ್ಷಗಾನದ ವೇಷ ಹಾಕ್ಕೊಂಡು ಭಾಗವತರ ಪದಕ್ಕೆ ಕುಣಿಯುತ್ತೆ. ಕುಂದಾಪುರ ಹತ್ತಿರದ ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಮನೆತನ ಇದಕ್ಕೆ ಹೆಸರುವಾಸಿ. ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ತಂಡ ಇದೆ. ತೊಗಲುಗೊಂಬೆ ಬೇರೆ ಜಾತಿ. ಅದಕ್ಕೆ ಉಡುಪಿಲ್ಲ, ಮೈಯಿಲ್ಲ, ದಪ್ಪವೂ ಇಲ್ಲ. ಕಾಗದದ ಥರ ಚಪ್ಪಟೆ. ನಮ್ಮ ಕಡೆ, ಅಂದ್ರೆ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ, ಗೊಂಬೆಯಾಟ ಅಂದ್ರೆ ಹಳಬರಿಗೆ ನೆನಪಾಗೋದು ಇದೇ.

"ಮಾಮಾ, ಆನ್ ಮಾಡು"

ಸೂತ್ರದ ಗೊಂಬೆ ಕಂಡ ಕೂಡಲೇ ಚಿನ್ನಿ ಕೈ ಬೀಸಿದಳು. ಅವಕ್ಕೆ ಕಣ್ಣು, ಮೂಗು, ಸೀರೆ ಎಲ್ಲಾ ಇತ್ತಲ್ಲ. ಆದ್ರೆ ತೊಗಲುಗೊಂಬೆಗಳ ಮುಂದೆ ನಿಂತಾಗ ಗಾಜಿನ ಮೇಲೆ ಬೆರಳಿಟ್ಟು ಎಡಕ್ಕೆ ಸರಿಸಿದಳು, ಮೊಬೈಲಿನಲ್ಲಿ ಫೋಟೊ ಸರಿಸೋ ಹಾಗೆ. ಏನೂ ಆಗಲಿಲ್ಲ. ಇನ್ನೊಂದು ಸಲ ಸರಿಸಿ, ನನ್ನ ಕಡೆ ತಿರುಗಿ ಅಂದಳು, "ಮಾಮಾ, ಆನ್ ಮಾಡು."

ಅಕ್ಕ ನಕ್ಕಳು. ಅವ್ವ ನಗಲಿಲ್ಲ. "ಖರೇನ ಹೇಳ್ತದ ನೋಡು ಕೂಸು," ಅಂದಳು. "ಇದು ಹಗಲಾಗ ನೋಡೂದಲ್ಲ ತಮ್ಮಾ, ರಾತ್ರಿ ನೋಡೂದು."

ಅವ್ವನ ತವರು ದೇವದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಸುಗ್ಗಿ ಮುಗಿದ ಮೇಲೆ ಆಟದವರು ಬರ್ತಿದ್ರಂತೆ. ಮಳೆ ಹೋದ ವರ್ಷ ಊರವರೇ ಕರೆಸ್ತಿದ್ರಂತೆ, ಆಟ ಆಡಿಸಿದ್ರೆ ಮಳೆ ಬರುತ್ತೆ ಅನ್ನೋ ನಂಬಿಕೆಯಿಂದ. ಕಂಬಳಿ ಕಟ್ಟಿ ಕತ್ತಲು ಮಾಡಿ, ಮುಂದೆ ಬಿಳಿ ಧೋತರ ಬಿಗಿದು, ಹಿಂದೆ ದೀಪ. ಕೂಲಿ ಅಂದ್ರೆ ಜೋಳ, ಕಾಳು, ಹಳೇ ಬಟ್ಟೆ. ಇದನ್ನೆಲ್ಲ ಹೇಳ್ತಾ ಹೇಳ್ತಾ ಅವ್ವ ಅಲ್ಲೇ, ಗಾಜಿನ ಮುಂದೆ ನಿಂತುಕೊಂಡು, ದನಿ ಬದಲಿಸಿಬಿಟ್ಟಳು. ಮೂಗಿನಲ್ಲಿ ಗಂಡನ ದನಿ, ಗಂಟಲಲ್ಲಿ ಹೆಂಡತಿ ದನಿ. ಗಂಡ ರೊಟ್ಟಿ ಕೇಳ್ತಾನೆ, ಹೆಂಡತಿ ಬಯ್ತಾಳೆ, ಅಷ್ಟೇ ಕಥೆ. ಚಿನ್ನಿ ಅಜ್ಜಿ ಬಾಯಿ ನೋಡ್ತಾಳೆ, ಗೊಂಬೆ ನೋಡ್ತಾಳೆ, ಮತ್ತೆ ಅಜ್ಜಿ ಬಾಯಿ ನೋಡ್ತಾಳೆ. ಆಮೇಲೆ ಗೊಂಬೆ ತೋರಿಸಿ "ಬೈತದ!" ಅಂದಳು.

ಈ ಸಂಚಿಕೆಯಲ್ಲಿ ನಾನು ಹೇಳಬೇಕಾಗಿರೋ ಮುಖ್ಯ ಮಾತು ಇದೇ. ಮ್ಯೂಸಿಯಮ್ಮಿನಲ್ಲಿ ಕಾಣೋ ತೊಗಲುಗೊಂಬೆ ಪೂರ್ತಿ ಗೊಂಬೆ ಅಲ್ಲ. ಅದು ಅರ್ಧ. ಉಳಿದ ಅರ್ಧ ಬೆಳಕಿನಲ್ಲಿದೆ, ಪರದೆಯಲ್ಲಿದೆ, ಆಡಿಸೋರ ಗಂಟಲಲ್ಲಿದೆ. ಮೊದಲರ್ಧವನ್ನ ಪೆಟ್ಟಿಗೆಯಲ್ಲಿ ಉಳಿಸಬಹುದು. ಎರಡನೇ ಅರ್ಧ ಉಳಿಯಬೇಕಾದ್ರೆ ಮನುಷ್ಯರು ಬೇಕು.

ಚರ್ಮದೊಳಗಿಂದ ಬೆಳಕು ಬರೋದು ಹೇಗೆ

ಹಿಂದೆ ಜಿಂಕೆ ಚರ್ಮವೂ ಬಳಕೆಯಲ್ಲಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಸಾಧ್ಯವಿಲ್ಲ. ಈಗ ಮೇಕೆ ಚರ್ಮವೇ ಹೆಚ್ಚು. ಕೂದಲು ತೆಗೆದು, ಒಳಗಿನ ಕೊಬ್ಬು ಹೆರೆದು, ಎಳೆದು ಬಿಗಿದು ಒಣಗಿಸ್ತಾರೆ. ಚಪ್ಪಲಿಗೆ ಮಾಡೋ ಹಾಗೆ ಹದ ಮಾಡೋದಿಲ್ಲ, ಹದ ಮಾಡಿದ್ರೆ ಚರ್ಮ ಮಂದವಾಗಿ ಬೆಳಕು ತಡೆಯುತ್ತೆ. ಬರೀ ಹೆರೆದು ಒಣಗಿಸಿದ ತೆಳು ಚರ್ಮ ಬೆಳಕಿಗೆ ಹಿಡಿದ್ರೆ ಜೇನುತುಪ್ಪದ ಬಣ್ಣಕ್ಕೆ ಹೊಳೆಯುತ್ತೆ.

ಅದರ ಮೇಲೆ ಗೆರೆ ಎಳೆದು, ಸಣ್ಣ ಉಳಿಗಳಿಂದ ತೂತು ಹೊಡೀತಾರೆ. ಸರ, ಕಿರೀಟ, ಸೀರೆಯ ಅಂಚು ಎಲ್ಲಾ ಈ ತೂತುಗಳಲ್ಲೇ ಇರೋದು. ಹಗಲಿನಲ್ಲಿ ನೋಡಿದ್ರೆ ಅವು ಬರೀ ತೂತು. ಹಿಂದೆ ದೀಪ ಬಂದ್ರೆ ಅವೇ ಮುತ್ತು. ಬಣ್ಣವನ್ನ ಎರಡೂ ಕಡೆ ಹಚ್ಚುತ್ತಾರೆ. ಆಮೇಲೆ ನಡುವೆ ಸೀಳಿದ ಕಡ್ಡಿಗೆ ಗೊಂಬೆ ಸಿಕ್ಕಿಸಿ ಕಟ್ಟುತ್ತಾರೆ, ಕೈಯಲ್ಲಿ ಹಿಡಿಯೋದು ಆ ಕಡ್ಡಿಯನ್ನ.

ಆಟದ ಹೊತ್ತಿನಲ್ಲಿ ಮುಂದೆ ಪರದೆ, ಪರದೆ ಹಿಂದೆ ಗೊಂಬೆ, ಗೊಂಬೆ ಹಿಂದೆ ದೀಪ. ನಾವು ಕೂತಿರೋದು ಪರದೆಯ ಈಚೆ. ಗೊಂಬೆಯನ್ನ ಪರದೆಗೆ ಒತ್ತಿ ಹಿಡಿದ್ರೆ ಬಣ್ಣ ಚೊಕ್ಕ, ಗೆರೆ ಚೊಕ್ಕ. ದೀಪದ ಕಡೆ ಹಿಂದಕ್ಕೆ ತಂದ್ರೆ ನೆರಳು ದೊಡ್ಡದಾಗುತ್ತೆ, ಅಂಚು ಮಸುಕಾಗುತ್ತೆ. ಲೆಕ್ಕ ಸುಲಭ. ದೀಪದಿಂದ ಪರದೆ 4 ಅಡಿ ದೂರ ಇದೆ ಅನ್ನಿ. ಗೊಂಬೆ ಸರಿ ಅರ್ಧಕ್ಕೆ, 2 ಅಡಿಗೆ ಬಂದ್ರೆ ನೆರಳು ಎರಡರಷ್ಟು. 1 ಅಡಿಗೆ ಬಂದ್ರೆ ನಾಲ್ಕರಷ್ಟು. ರಾಕ್ಷಸ ಬೆಳೆದು ನಿಲ್ಲೋದು, ದೇವರು ಮಾಯ ಆಗೋದು ಇಷ್ಟರಿಂದಲೇ. ಇದಕ್ಕೆ ಗ್ರಾಫಿಕ್ಸ್ ಬೇಕಿಲ್ಲ, ಮುಂಗೈ ಸಾಕು.

ಇನ್ನೊಂದು ಗಮನಿಸ್ರಿ. ಎಲ್ಲಾ ಗೊಂಬೆ ಒಂದೇ ಅಳತೆ ಇರೋದಿಲ್ಲ. ರಾಜರು, ದೇವರು ದೊಡ್ಡವರು, ಆಳುಕಾಳು ಸಣ್ಣವರು. ಕಥೆಯಲ್ಲಿ ಯಾರ ಸ್ಥಾನ ಎಷ್ಟು ಅನ್ನೋದು ಗೊಂಬೆಯ ಎತ್ತರದಲ್ಲೇ ಗೊತ್ತಾಗುತ್ತೆ. ಮೇಲು-ಕೀಳಿನ ಲೆಕ್ಕ ಚರ್ಮದಲ್ಲೂ ಕೊರೆದಿದ್ದಾರೆ ಅಂತ ನನಗನ್ನಿಸಿತು.

ಪರದೆ ಹಿಂದಿನ ಜನ

ಈ ಆಟ ಆಡಿಸಿಕೊಂಡು ಬಂದವರು ಶಿಳ್ಳೇಕ್ಯಾತರು. ಕಿಳ್ಳೇಕ್ಯಾತರು ಅಂತಲೂ ಕರೀತಾರೆ. ಕಿಳ್ಳೇಕ್ಯಾತ ಅನ್ನೋದು ಆಟದೊಳಗಿನ ಹಾಸ್ಯಗಾರನ ಹೆಸರು. ಡೊಳ್ಳು ಹೊಟ್ಟೆ, ಕೆದರಿದ ಕೂದಲು, ಬಾಯಿ ಮೇಲೆ ಹಿಡಿತ ಇಲ್ಲ. ಅವನ ಹೆಂಡತಿ ಬಂಗಾರಕ್ಕ. ಅವ್ವ ದನಿ ತೆಗೆದಿದ್ದು ಇವರಿಬ್ಬರದ್ದೇ. ಗಣಪತಿ ಪೂಜೆ ಆದ ಮೇಲೆ ಇವರು ಬಂದು ಊರಿನ ಗೌಡ, ಸಾಲ, ಸೊಸೆ, ಅತ್ತೆ ಎಲ್ಲರ ಮೇಲೂ ಚೇಷ್ಟೆ ಮಾಡಿ ಜನರನ್ನ ಎಚ್ಚರ ಇಡ್ತಾರೆ. ಆಮೇಲೆ ರಾಮಾಯಣವೋ ಮಹಾಭಾರತವೋ ಬೆಳಗಿನವರೆಗೆ.

ಶಿಳ್ಳೇಕ್ಯಾತರು ಅಲೆಮಾರಿಗಳು. ಮನೆಯಲ್ಲಿ ಮರಾಠಿ ಬೆರೆತ ಮಾತು, ಪರದೆ ಹಿಂದೆ ಅಚ್ಚ ಕನ್ನಡ. ಹೊಳೆ, ಕೆರೆಯಲ್ಲಿ ಮೀನು ಹಿಡಿಯೋದು ಇನ್ನೊಂದು ಕಸುಬು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ತಂಡ ಅಂದ್ರೆ ಕಂಪನಿ ಅಲ್ಲ, ಒಂದು ಕುಟುಂಬ. ಗಂಡ ಗೊಂಬೆ ಹಿಡಿದ್ರೆ ಹೆಂಡತಿ ಹಾಡಬೇಕು, ಹೆಣ್ಣು ಪಾತ್ರಗಳಿಗೆ ದನಿ ಕೊಡಬೇಕು, ಮಗ ಮದ್ದಲೆ ಬಾರಿಸಬೇಕು. ಕಲಿಯೋಕೆ ಪುಸ್ತಕ ಇಲ್ಲ. ಮಕ್ಕಳು ಪರದೆ ಹಿಂದೆಯೇ ಮಲಗಿ, ಎದ್ದು, ಕೇಳಿ ಕಲೀತಾರೆ.

ಇಲ್ಲೇ ನಮ್ಮ ಜಿಲ್ಲೆಗೆ ಹತ್ತಿರದ ಒಂದು ಹೆಸರು ಹೇಳಲೇಬೇಕು. ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಊರು ಕೊಪ್ಪಳ ಜಿಲ್ಲೆಯ ಮೊರನಾಳ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು, ಅಂದ್ರೆ ಅವರು ನಮ್ಮವರೇ. ಹದಿಹರೆಯದಲ್ಲೇ ಪರದೆ ಹಿಂದೆ ಕೂತವರು. ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್, ಇರಾಕ್ ಎಲ್ಲಾ ಕಡೆ ಆಟ ತೋರಿಸಿ ಬಂದಿದ್ದಾರೆ. 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ಚಪ್ಪಾಳೆ ಹೊಡೆದ ಮೇಲೆ ಆ ಸಂಖ್ಯೆ ಇನ್ನೊಂದು ಸಲ ನೋಡ್ರಿ. ಭೀಮವ್ವನ ಮಗ ಕೇಶಪ್ಪ ಅವರೂ ಕಲಾವಿದರೇ, ಆ ಮನೆಯಲ್ಲಿ ಆಟ ಮುಂದುವರಿದಿದೆ. ಎಲ್ಲಾ ಮನೆಗಳಲ್ಲೂ ಹಾಗಿಲ್ಲ.

ಬೇರೆ ಸಮುದಾಯದಿಂದ ಬಂದು ಕಲಿತವರೂ ಇದ್ದಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ರಂಗಭೂಮಿಯ ನಟರು. ತೊಗಲುಗೊಂಬೆ ಕೈಗೆತ್ತಿಕೊಂಡು ಪುರಾಣದ ಆಚೆಗೂ ಹೋದರು, ಗಾಂಧೀಜಿ ಮತ್ತು ಸ್ವಾತಂತ್ರ್ಯ ಹೋರಾಟದ ಕಥೆಯನ್ನ ಪರದೆ ಮೇಲೆ ತಂದರು. 2022ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬಿ.ಕಾಂ. ಲೆಕ್ಕ

ಈಗ ನನ್ನ ವಿಷಯಕ್ಕೆ ಬರ್ತೀನಿ. ಗೊಂಬೆ ಒಂದು ಆಸ್ತಿ. ಅಕೌಂಟೆನ್ಸಿ ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಆಸ್ತಿಯಿಂದ ಎರಡು ರೀತಿಯಲ್ಲಿ ದುಡ್ಡು ಬರಬಹುದು. ಒಂದು, ಅದನ್ನ ಬಳಸಿ ದುಡಿಯೋದು. ಇನ್ನೊಂದು, ಅದನ್ನ ಮಾರೋದು. ಮೊದಲನೇದು ವರ್ಷ ವರ್ಷ ಬರುತ್ತೆ, ಎರಡನೇದು ಒಂದೇ ಸಲ.

ಊರಿಗೆ ಟೆಂಟ್ ಸಿನಿಮಾ ಬಂತು, ಆಮೇಲೆ ಟಿವಿ ಬಂತು, ಆಮೇಲೆ ನಮ್ಮ ಕೈಯಲ್ಲಿರೋ ಈ ಫೋನು ಬಂತು. ಆಟಕ್ಕೆ ಕರೆಯೋರು ಕಮ್ಮಿಯಾದರು. ಅದೇ ಹೊತ್ತಿಗೆ ಹಳೇ ಗೊಂಬೆಗೆ ಸಂಗ್ರಹಕಾರರಿಂದ ಬೇಡಿಕೆ ಬಂತು. ಆಟದಿಂದ ಹೊಟ್ಟೆ ತುಂಬದ ಮನೆಯವರು ಗೊಂಬೆ ಮಾರಿದರೆ ಅವರನ್ನ ದೂರೋದು ಹೇಗೆ? ನಾನಾಗಿದ್ರೂ ಮಾರ್ತಿದ್ದೆ.

ಆದ್ರೆ ಇಲ್ಲೊಂದು ತೊಡಕಿದೆ. ಗೊಂಬೆಗಳು ಒಂದು ಗಂಟು. ಚೆಸ್ ಸೆಟ್ ಇದ್ದ ಹಾಗೆ. ಗಂಟಿನಿಂದ ರಾವಣ ಒಬ್ಬನೇ ಹೋದ ಅಂದ್ಕೊಳ್ರಿ. ಉಳಿದ ಗೊಂಬೆಗಳು ಹಾಗೇ ಇವೆ, ಆದ್ರೆ ಯುದ್ಧದ ಆಟ ಇನ್ನು ಆಡೋಕೆ ಬರೋದಿಲ್ಲ. ಮಾರಿದ್ದು ಒಂದು ಗೊಂಬೆ, ಕಳೆದುಕೊಂಡಿದ್ದು ಒಂದು ರಾತ್ರಿಯ ಆದಾಯ. ಹೊಸ ರಾವಣನನ್ನ ಮಾಡಬಹುದು, ಆದ್ರೆ ಚರ್ಮ, ಬಣ್ಣ, ವಾರಗಟ್ಟಲೆ ಕೆಲಸ, ಇದಕ್ಕೆಲ್ಲ ಬಂಡವಾಳ ಯಾರು ಹಾಕಬೇಕು?

ಹಾಗಂತ ಮ್ಯೂಸಿಯಂ ಮಾಡಿದವರು ತಪ್ಪು ಮಾಡಿದರು ಅಂತ ನಾನು ಹೇಳ್ತಿಲ್ಲ. ಚರ್ಮಕ್ಕೆ ಹುಳ ಬೀಳುತ್ತೆ, ಥಂಡಿಗೆ ಮೆತ್ತಗಾಗುತ್ತೆ, ಬಿಸಿಲಿಗೆ ಸುರುಟುತ್ತೆ. ಎಂ.ಎಸ್. ನಂಜುಂಡರಾಯರು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಊರೂರಿಂದ ತೊಗಲುಗೊಂಬೆ ತಂದು ಸೇರಿಸದೇ ಇದ್ದಿದ್ರೆ ಹಳೇ ಕಾಲದ ಕೊರೆತ ಹೇಗಿತ್ತು ಅಂತ ನೋಡೋಕೂ ಇವತ್ತು ಸಿಗ್ತಿರಲಿಲ್ಲ. ಮ್ಯೂಸಿಯಂ ಅಂದ್ರೆ ಬ್ಯಾಂಕ್ ಲಾಕರ್. ಒಡವೆ ಭದ್ರ. ಆದ್ರೆ ಲಾಕರಿನಲ್ಲಿರೋ ಒಡವೆ ಯಾರ ಕೊರಳಲ್ಲೂ ಇರೋದಿಲ್ಲ. ಎರಡೂ ಬೇಕು, ಲಾಕರೂ ಬೇಕು, ಮದುವೆ ಮನೆಯೂ ಬೇಕು.

ಬೇರೆ ಕಡೆ ಏನು ಮಾಡಿದರು

ಇಂಡೊನೇಷ್ಯಾದ ವಯಾಂಗ್ ನೆರಳಾಟ ನಮ್ಮದರ ದೂರದ ನೆಂಟ ಇದ್ದ ಹಾಗೆ. ಅಲ್ಲೂ ರಾಮಾಯಣ, ಮಹಾಭಾರತ. ಅಲ್ಲೂ ಡೊಳ್ಳು ಹೊಟ್ಟೆಯ ಹಾಸ್ಯಗಾರ ಇದ್ದಾನೆ, ಹೆಸರು ಸೆಮಾರ್. ರಾಜಧಾನಿ ಜಕಾರ್ತದಲ್ಲಿ 1975ರಿಂದ ವಯಾಂಗ್ ಮ್ಯೂಸಿಯಂ ಇದೆ. 2003ರಲ್ಲಿ ಯುನೆಸ್ಕೊ ಈ ಕಲೆಯನ್ನ ಮಾನವಕುಲದ ಪರಂಪರೆ ಅಂತ ಘೋಷಿಸಿತು. ಆದ್ರೆ ಅಲ್ಲಿ ಕಲೆ ಉಳಿದಿರೋದಕ್ಕೆ ಮುಖ್ಯ ಕಾರಣ ಈ ಬಿರುದಲ್ಲ. ಮದುವೆ, ಹರಕೆ, ಊರಹಬ್ಬಕ್ಕೆ ಜನ ಇವತ್ತಿಗೂ ದುಡ್ಡು ಕೊಟ್ಟು ಆಟ ಕರೆಸ್ತಾರೆ.

ಹತ್ತಿರದ ಉದಾಹರಣೆ ಬೇಕಂದ್ರೆ ಆಂಧ್ರದ ಧರ್ಮಾವರಂ ಹತ್ತಿರದ ನಿಮ್ಮಲಕುಂಟ. ಅಲ್ಲಿನ ತೊಗಲುಗೊಂಬೆ ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆ ಊರಿನವರು ಅದೇ ಚರ್ಮ, ಅದೇ ಉಳಿ, ಅದೇ ಬಣ್ಣದಲ್ಲಿ ದೀಪದ ಮುಸುಕು ಅಂದ್ರೆ ಲ್ಯಾಂಪ್‌ಶೇಡ್ ಮಾಡಿ ಮಾರ್ತಾರೆ. ಆಟಕ್ಕೆ ಕರೆ ಇಲ್ಲದ ತಿಂಗಳಲ್ಲಿ ಇದು ಅನ್ನ ಕೊಡುತ್ತೆ. ಬೆಲೆಬಾಳುವ ಹಳೇ ಗಂಟನ್ನ ಮಾರದೆ ಕೈಯ ಕಸುಬನ್ನ ಮಾರೋ ದಾರಿ ಇದು. ಕಥೆ ಹೇಳೋ ಗಂಟಲು ಮಾತ್ರ ಲ್ಯಾಂಪ್‌ಶೇಡಿನಿಂದ ಉಳಿಯೋದಿಲ್ಲ, ಅದೂ ನಿಜ.

ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ

ಜಾನಪದ ಲೋಕ ಆಗಲಿ, ಬೇರೆ ಯಾವುದೇ ಗೊಂಬೆ ಮ್ಯೂಸಿಯಂ ಆಗಲಿ, ನಾವು ಕಂಡುಕೊಂಡ ನಾಲ್ಕು ಮಾತು.

ಒಂದು, ಎಲ್ಲಾ ನೋಡ್ಬೇಕು ಅನ್ನೋ ಹಟ ಬೇಡ. ಎರಡು-ಮೂರು ವರ್ಷದ ಮಗು ಐದಾರು ಗೊಂಬೆ ನೋಡಿದ್ರೆ ಅದೇ ಬಹಳ. ಚಿನ್ನಿ ಅರ್ಧ ಗಂಟೆ ಆದ ಮೇಲೆ ಹೊರಗಿನ ಮರದ ಕೆಳಗೆ ಇರುವೆ ನೋಡ್ತಾ ಕೂತಳು. ಅದೂ ಸುತ್ತಾಟವೇ.

ಎರಡು, ಮಗುವಿನ ಕಣ್ಣು ನಮ್ಮ ಮೊಣಕಾಲ ಮೇಲಿರುತ್ತೆ. ಎತ್ತಿಕೊಳ್ರಿ, ಇಲ್ಲಾಂದ್ರೆ ನೀವೂ ಕುಕ್ಕರಗಾಲಲ್ಲಿ ಕೂತು ನೋಡ್ರಿ. ಅವರಿಗೆ ಗಾಜಿನಲ್ಲಿ ಬಲ್ಬಿನ ಹೊಳಪು ಮಾತ್ರ ಕಾಣ್ತಿದೆಯೋ ಏನೋ ಅಂತ ಆಗ ಗೊತ್ತಾಗುತ್ತೆ.

ಮೂರು, ಹತ್ತು ತಲೆಯ ರಾವಣ, ಕೋರೆಹಲ್ಲಿನ ರಾಕ್ಷಸರು ಹೆದರಿಸಬಹುದು. ಅಳ್ತಿದ್ರೆ ಬಲವಂತವಾಗಿ ಮುಂದೆ ನಿಲ್ಲಿಸಬೇಡ್ರಿ. ಮೊದಲು ಪ್ರಾಣಿಗಳನ್ನ ತೋರಿಸ್ರಿ. ಹನುಮಂತ, ಜಿಂಕೆ, ಆನೆ, ಕುದುರೆ ಇದ್ರೆ ಆಯ್ತು.

ನಾಲ್ಕು, ಜೊತೆಗೆ ಮನೆಯ ಹಿರಿಯರನ್ನ ಕರ್ಕೊಂಡು ಹೋಗ್ರಿ. ಬೋರ್ಡಿನಲ್ಲಿ ಬರೆಯೋಕೆ ಬರದ ಎಷ್ಟೋ ವಿಷಯ ಅವರ ಹತ್ತಿರ ಇರುತ್ತೆ. ಅವ್ವ ಬಂದಿರದಿದ್ರೆ ಚಿನ್ನಿಗೆ ಆ ಗೊಂಬೆ ಬಯ್ಯೋದು ಕೇಳಿಸ್ತಾನೇ ಇರಲಿಲ್ಲ. ಸಾಧ್ಯವಾದ್ರೆ ಅವರು ಹೇಳೋದನ್ನ ರೆಕಾರ್ಡ್ ಮಾಡ್ಕೊಳ್ರಿ. ಎಲ್ಲರ ಕಿಸೆಯಲ್ಲೂ ರೆಕಾರ್ಡರ್ ಇದೆ.

ಮನೆಯಲ್ಲೇ ಒಂದು ಪರದೆ

ಹೇಳಿದ ಆಟ ಈಗ. ಬಿಳಿ ಹಾಳೆ ಮೇಲೆ ಬೆಕ್ಕೋ ಕೋಳಿಯೋ ಬರೆದು, ಸ್ಕೆಚ್ ಪೆನ್ನಿನಲ್ಲಿ ಬಣ್ಣ ಹಚ್ಚಿ, ಕತ್ತರಿಸ್ರಿ. ಬಣ್ಣ ಒಣಗಿದ ಮೇಲೆ ಅಡುಗೆ ಎಣ್ಣೆಯನ್ನ ಹತ್ತಿಯಲ್ಲಿ ಅದ್ದಿ ತೆಳ್ಳಗೆ ಸವರಿ, ಹೆಚ್ಚಾಗಿದ್ದನ್ನ ಒರೆಸ್ರಿ. ಹಾಳೆಯ ನಾರುಗಳ ನಡುವೆ ಇರೋ ಗಾಳಿ ಬೆಳಕನ್ನ ಚದುರಿಸುತ್ತೆ, ಆ ಜಾಗಕ್ಕೆ ಎಣ್ಣೆ ಹೋದ್ರೆ ಬೆಳಕು ದಾಟುತ್ತೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರ್ ನೋಡಿದೋರಿಗೆ ಇದು ಗೊತ್ತೇ ಇದೆ. ಒಡವೆ ಬೇಕಂದ್ರೆ ದಪ್ಪ ಸೂಜಿಯಿಂದ ತೂತು ಮಾಡ್ರಿ, ಈ ಕೆಲಸ ದೊಡ್ಡವರದ್ದು. ಹಿಡಿಯೋಕೆ ಕಡ್ಡಿ ಪೊರಕೆಯ ಒಂದು ಕಡ್ಡಿ, ತುದಿಗೆ ಟೇಪ್ ಸುತ್ತಿ.

ಬಾಗಿಲಿಗೆ ಬೆಡ್‌ಶೀಟ್ ಬಿಗಿದು ಕಟ್ಟಿ, ದೀಪ ಆರಿಸಿ, ಮೊಬೈಲ್ ಟಾರ್ಚನ್ನ ಹಿಂದೆ ಇಡ್ರಿ. ಟಾರ್ಚಿನ ಬಲ್ಬು ಸಣ್ಣ ಚುಕ್ಕಿಯಷ್ಟಿರೋದ್ರಿಂದ ನೆರಳಿನ ಅಂಚು ಚೊಕ್ಕ ಬರುತ್ತೆ. ಅದೇ ಗೊಂಬೆಯನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡ್ರಿ, ಮಸುಕಾಗುತ್ತೆ, ಯಾಕಂದ್ರೆ ಬೆಳಕು ಉದ್ದಕ್ಕೂ ಬೇರೆ ಬೇರೆ ಜಾಗದಿಂದ ಬರುತ್ತೆ. ಎಣ್ಣೆ ದೀಪ, ಮೇಣದಬತ್ತಿ ಬೇಡ, ಬಟ್ಟೆ ಹತ್ತಿರ ಬೆಂಕಿ ಅಪಾಯ. ಟಾರ್ಚು ಮಗುವಿನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ರಿ. ಮೊದಲು ಮಗುವನ್ನ ಪರದೆ ಮುಂದೆ ಕೂರಿಸ್ರಿ, ಆಮೇಲೆ ಹಿಂದಕ್ಕೆ ಕರೀರಿ. ಹಿಂದೆ ಏನಿದೆ ಅಂತ ತೋರಿಸಿದ್ರೆ ಮಜಾ ಕೆಡೋದಿಲ್ಲ, ಕಡ್ಡಿ ನಮಗೂ ಸಿಗೋದಿಲ್ಲ, ಅಷ್ಟೇ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಕಡೆ ಹೆಸರಿಡೋ ಕಾರ್ಯ, ಬರ್ತ್‌ಡೇ, ಜಾತ್ರೆ, ಶಾಲೆ ವಾರ್ಷಿಕೋತ್ಸವ ಅಂದ್ರೆ ಡಿಜೆಗೆ ಎಷ್ಟು ಕೊಡ್ತೀವಿ ಅಂತ ನಿಮಗೆ ಗೊತ್ತು. ಮುಂದಿನ ಸಲ ಆ ಲಿಸ್ಟಿನಲ್ಲಿ ತೊಗಲುಗೊಂಬೆ ತಂಡದ ಹೆಸರೂ ಬರೀರಿ. ಪುಕ್ಕಟೆ ಬೇಡ, ಚೌಕಾಸಿ ಬೇಡ, ಬಸ್ ಚಾರ್ಜು, ಊಟ, ಸಂಭಾವನೆ ಮೊದಲೇ ಮಾತಾಡ್ರಿ. ಇಡೀ ರಾತ್ರಿ ಬೇಡ, ಒಂದು ಗಂಟೆ ಸಾಕು. ಎಷ್ಟು ಜನ ಬರ್ತಾರೋ ಅಂತ ಚಿಂತೆ ಮಾಡಬೇಡ್ರಿ. ಕತ್ತಲಲ್ಲಿ ಒಂದು ಬಿಳಿ ಪರದೆ ಬೆಳಗಿದ್ರೆ ಓಣಿ ಮಕ್ಕಳೆಲ್ಲ ತಾವಾಗೇ ಬಂದು ಕೂರ್ತಾರೆ.

ನಿಮ್ಮ ಊರಲ್ಲಿ ಆಟ ಆಡಿಸೋ ಕುಟುಂಬ ಇದ್ರೆ, ಅಥವಾ ನಿಮ್ಮ ಅಜ್ಜ ಅಜ್ಜಿ ಆಟ ನೋಡಿದ ನೆನಪು ಹೇಳಿದ್ರೆ, ವಾಯ್ಸ್ ಮೆಸೇಜ್ ಕಳಿಸ್ರಿ. ಒಂದು ಸಂಚಿಕೆ ಪೂರ್ತಿ ಆ ದನಿಗಳದ್ದೇ ಮಾಡೋಣ.